ಮಣಿಕಟ್ಟಿನ ಜೋಮು: ಪಟ್ಟಿಯೋ, ಶಸ್ತ್ರವೋ?

ಬೆಳಗಾಗ ಎದ್ದೊಡನೆ ಅಂಗೈಯನ್ನು ನೋಡಿಕೊಳ್ಳುವುದು ನಮ್ಮ ಹಿರಿಯರ ವಾಡಿಕೆ. ಆದರೆ ನಡುರಾತ್ರಿಯಲ್ಲಿಯೇ ಎಚ್ಚೆತ್ತು, ಜೋಮು ಹಿಡಿದ ಕೈಯನ್ನು ಕೊಡವುತ್ತ, ಉರಿಯುವ ಬೆರಳುಗಳನ್ನು ನೋಡಿಕೊಂಡು ಕುಳಿತಿರುವವರೂ ಉಂಟು. ಅಂಥವರಲ್ಲಿ ಇಬ್ಬರ ಸಂಗತಿಯನ್ನು ನಾವು ಹತ್ತಿರದಿಂದ ಬಲ್ಲೆವು. ಒಬ್ಬರು ನಮ್ಮ ಮನೆಯವರು; ಮತ್ತೊಬ್ಬಾಕೆ ಇದೇ ಅತ್ತಿಗುಂಡಿಯ ನೆರೆಯ ತೋಟವೊಂದರಲ್ಲಿ ಕಾಫಿಯ ಹಣ್ಣು ಕೊಯ್ಯುವ ಹೆಣ್ಣುಮಗಳು, ನಮ್ಮ ಹಳೆಯ ಶಿಷ್ಯನೊಬ್ಬನ ತಾಯಿ. ನಮ್ಮ ಮನೆಯವರಿಗೆ ಪಟ್ಟಿಯಿಂದಲೇ ಗುಣವಾಯಿತು. ಆಕೆಗೆ ಶಸ್ತ್ರಚಿಕಿತ್ಸೆಯೇ ಬೇಕಾಯಿತು. ಅದೂ ತಡವಾಗಿ ಒದಗಿತು. ಆ ತಡಕ್ಕೆ ನಮ್ಮ ಮಾತೂ ಒಂದು ಕಾರಣವಾದುದರಿಂದ ಈ ವಿಷಯವನ್ನು ಬರೆಯುವ ಹೊಣೆ ನಮ್ಮ ಮೇಲಿದೆ.

ಈ ಬಾಧೆಯನ್ನು ವೈದ್ಯರು ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಕರೆಯುವರು. ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳು ಕಮಾನಿನಂತೆ ಜೋಡಿಕೊಂಡಿರುತ್ತವೆ. ಅಂಗೈಯ ಕಡೆಯಿಂದ ಆ ಕಮಾನಿಗೆ ಗಟ್ಟಿಯಾದ ನಾರಿನ ಕಟ್ಟೊಂದು ಅಡ್ಡಲಾಗಿ ಬಿಗಿದು, ಒಂದು ಕಿರಿದಾದ ಸುರಂಗವು ಏರ್ಪಡುವುದು. ಬೆರಳುಗಳನ್ನು ಮಡಿಸುವ ಒಂಬತ್ತು ರಜ್ಜುಗಳೂ ಮೀಡಿಯನ್ ಎಂಬ ಒಂದು ನರವೂ ಈ ಇಕ್ಕಟ್ಟಿನಲ್ಲಿಯೇ ಹಾದುಹೋಗಬೇಕು. ರಜ್ಜುಗಳ ಹೊದಿಕೆಯು ಊದಿಕೊಂಡರೆ ಎಲುಬೂ ಜಗ್ಗದು, ಕಟ್ಟೂ ಜಗ್ಗದು. ನಡುವೆ ಸಿಕ್ಕಿದ ಮೆತ್ತನೆಯ ನರವೇ ನಲುಗುವುದು. ಸುಶ್ರುತಸಂಹಿತೆಯು ದೇಹದ 107 ಮರ್ಮಗಳನ್ನು ಎಣಿಸುವಾಗ ಮಣಿಬಂಧವನ್ನೂ ಅವುಗಳಲ್ಲಿ ಸೇರಿಸಿ, ವೇದನೆಯನ್ನು ತರುವ ರುಜಾಕರವರ್ಗದಲ್ಲಿ ಇಟ್ಟಿದೆ. ಇಷ್ಟರಿಂದ ಪ್ರಾಚೀನರು ಈ ರೋಗವನ್ನೇ ಅರಿತಿದ್ದರೆಂದು ಸಾಧಿಸಹೊರಡುವುದು ಸಲ್ಲದು. ಮಣಿಕಟ್ಟನ್ನು ಹಗುರವಾಗಿ ಕಾಣಬಾರದೆಂಬ ಎಚ್ಚರ ಅವರಿಗಿದ್ದಿತು ಎನ್ನಬಹುದು, ಅಷ್ಟೆ. ಮುರಿದ ಮಣಿಕಟ್ಟಿನಲ್ಲಿ ಈ ನರವು ಅದುಮಿಹೋದುದನ್ನು ಇಂಗ್ಲೆಂಡಿನ ಜೇಮ್ಸ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯರು 1854ರಲ್ಲಿ ವರ್ಣಿಸಿದರು. ಆ ಕಟ್ಟನ್ನು ಕೊಯ್ದು ನರಕ್ಕೆ ಎಡೆಮಾಡಿಕೊಟ್ಟುದನ್ನು 1933ರಲ್ಲಿ ಜೇಮ್ಸ್ ಲರ್ಮಂತ್ ಎಂಬವರು ಪ್ರಕಟಿಸಿದರು. 1950ರ ದಶಕದಲ್ಲಿ ಅಮೆರಿಕದ ಜಾರ್ಜ್ ಫೇಲನ್ ಅವರ ಬರಹಗಳಿಂದ ಈ ರೋಗವು ಎಲ್ಲ ವೈದ್ಯರಿಗೂ ಪರಿಚಿತವಾಯಿತು.

ಇದರ ಲಕ್ಷಣಗಳನ್ನು ಗೃಹಸ್ಥರು ಚೆನ್ನಾಗಿ ತಿಳಿದಿರತಕ್ಕದ್ದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗ, ಇಷ್ಟರಲ್ಲಿ ಜೋಮು. ಕಿರುಬೆರಳು ಮಾತ್ರ ಸ್ವಸ್ಥ. ರಾತ್ರಿ ಬಾಧೆ ಹೆಚ್ಚು. ಕೈಯನ್ನು ಕೊಡವಿದರೆ ಶಮನ. ಎರಡು ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳನ್ನು ಕೆಳಮುಖಮಾಡಿ, ಮಣಿಕಟ್ಟನ್ನು ಮಡಿಸಿ ಒಂದು ನಿಮಿಷ ಹಿಡಿದಾಗ ಆ ಬೆರಳುಗಳಲ್ಲೇ ಜೋಮು ಏರಿದರೆ ಶಂಕೆ ಬಲವಾಗುವುದು. ಇದೇ ಫೇಲನ್ನರ ಪರೀಕ್ಷೆ. ಆದರೂ ಇದನ್ನೇ ನಿರ್ಣಯವೆಂದು ಭಾವಿಸಬಾರದು. ಕುತ್ತಿಗೆಯ ನರದ ತೊಂದರೆ, ಸಕ್ಕರೆ ಕಾಯಿಲೆಯ ನರಬೇನೆ, ಕುಷ್ಠರೋಗ ಇವುಗಳಲ್ಲಿಯೂ ಕೈ ಜೋಮುಗಟ್ಟುವುದುಂಟು. ಆದಕಾರಣ ವೈದ್ಯರು ಪರೀಕ್ಷಿಸಿ, ಬೇಕೆನಿಸಿದರೆ ನರದ ವೇಗವನ್ನು ವಿದ್ಯುತ್ತಿನಿಂದ ಅಳೆಯಿಸಿ ಹೇಳತಕ್ಕ ಮಾತು ಇದು.

ಈ ಬಾಧೆಯು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನಲವತ್ತು ದಾಟಿದ ಮೇಲೆ ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಕೀಲುವಾತ, ಸ್ಥೂಲತೆ ಇವು ಅದಕ್ಕೆ ಒತ್ತಾಸೆ. ಬಸುರಿಯರಲ್ಲಿ ಕಾಣಿಸಿಕೊಂಡುದು ಸಾಮಾನ್ಯವಾಗಿ ಹೆರಿಗೆಯಾದ ಮೇಲೆ ತಾನಾಗಿಯೇ ಇಳಿಯುವುದು. ಮಣಿಕಟ್ಟನ್ನು ಮಡಿಸಿ ಬಲಹಾಕಿ ಮತ್ತೆ ಮತ್ತೆ ಮಾಡುವ ಕೆಲಸವೂ ಕೈಯನ್ನು ನಡುಗಿಸುವ ಯಂತ್ರಗಳೂ ಇದನ್ನು ಹೆಚ್ಚಿಸುವುವು. ನಮ್ಮ ಸೀಮೆಯಲ್ಲಿ ಅಂಥ ಕೆಲಸಕ್ಕೆ ಕೊರತೆಯೆಲ್ಲಿ? ನವೆಂಬರಿನಿಂದ ಜನವರಿಯವರೆಗೆ ಅರೇಬಿಕಾ, ಆಮೇಲೆ ಮಾರ್ಚಿಯವರೆಗೆ ರೊಬಸ್ಟಾ. ಹಣ್ಣನ್ನು ಒಂದೊಂದಾಗಿ ಬೆರಳಿನಿಂದ ತಿರುಚಿ ಬಿಡಿಸಬೇಕು. ಕುಯ್ಲು ಮುಗಿದರೆ ಗಿಡ ಕಸಿ, ಚಿಗುರು ತೆಗೆಯುವುದು, ಮಳೆ ಬಿದ್ದರೆ ಯಂತ್ರದಿಂದ ಕಳೆ ಹೊಡೆಯುವುದು. ಮನೆಯೊಳಗಾದರೋ ಬಟ್ಟೆ ಹಿಂಡುವುದು, ರೊಟ್ಟಿ ತಟ್ಟುವುದು, ಶ್ಯಾವಿಗೆ ಒತ್ತುವುದು.

ನಮ್ಮ ಮನೆಯವರಿಗೆ ಜೋಮು ಆರಂಭವಾಗಿ ಮೂರೇ ತಿಂಗಳಾಗಿತ್ತು. ರಾತ್ರಿ ಮಾತ್ರ ಬಂದು ಹೋಗುತ್ತಿತ್ತು, ಹಿಡಿತವು ಕುಂದಿರಲಿಲ್ಲ. ವೈದ್ಯರು ರಕ್ತವನ್ನು ಪರೀಕ್ಷಿಸಿ ಥೈರಾಯ್ಡ್ ಮಂದವಾಗಿದೆಯೆಂದು ಕಂಡು ಅದಕ್ಕೆ ಮಾತ್ರೆಯನ್ನು ಕೊಟ್ಟರು. ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಬಾಗದೆ ನೆಟ್ಟಗಿರುವಂತೆ ಮಾಡುವ ಪಟ್ಟಿಯೊಂದನ್ನು ರಾತ್ರಿ ಕಟ್ಟಿಕೊಳ್ಳಹೇಳಿದರು. ಮಣಿಕಟ್ಟು ಮಡಿಸಿದಷ್ಟೂ ಸುರಂಗದೊಳಗಿನ ಒತ್ತಡ ಏರುವುದು, ನಿದ್ರೆಯಲ್ಲಿ ನಾವು ಅರಿಯದೆ ಅದನ್ನು ಮಡಿಸುತ್ತೇವೆ, ಆದುದರಿಂದ ಪಟ್ಟಿ. ಅದನ್ನು ಬಿಗಿದು ಕಟ್ಟಬಾರದು. ಆರು ವಾರಗಳಾದರೂ ಬಿಡದೆ ಕಟ್ಟಿ ನೋಡಬೇಕು. ನಮ್ಮ ಮನೆಯವರು ಎರಡು ತಿಂಗಳು ಕಟ್ಟಿದರು, ಜೋಮು ಹೋಯಿತು.

ಶಸ್ತ್ರವಿಲ್ಲದ ಮತ್ತೊಂದು ಉಪಾಯವೆಂದರೆ ಸುರಂಗದ ಬಳಿ ಸ್ಟೆರಾಯ್ಡ್ ಔಷಧದ ಚುಚ್ಚುಮದ್ದು. ಅದು ಬೇಗ ಉಪಶಮನವನ್ನು ಕೊಡುವುದು. ಆದರೆ ಬಹುಜನರಲ್ಲಿ ಆ ಸುಖವು ಕೆಲವು ತಿಂಗಳು ಮಾತ್ರ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ರಕ್ತದ ಸಕ್ಕರೆ ಏರುವುದೆಂಬುದನ್ನು ಮರೆಯಲಾಗದು. ನರಕ್ಕೆ ಒಳ್ಳೆಯದೆಂದು ಬಿ6 ಜೀವಸತ್ವದ ಮಾತ್ರೆಗಳನ್ನು ತಿಂಗಳಾನುಗಟ್ಟಲೆ ನುಂಗುವವರಿದ್ದಾರೆ. ಈ ರೋಗಕ್ಕೆ ಅದರಿಂದ ಗುಣವೆಂಬುದು ಸಿದ್ಧವಾಗಿಲ್ಲ; ಅತಿಯಾದರೆ ಅದೇ ನರಕ್ಕೆ ಹಾನಿ.

ನಮ್ಮ ಮನೆಯವರಿಗೆ ಗುಣವಾದ ಹುರುಪಿನಲ್ಲಿಯೇ ನಾವು ತಪ್ಪಿದುದು. ಆ ಹೆಣ್ಣುಮಗಳು ಒಂದು ಸಂಜೆ ನಮ್ಮ ಜಗಲಿಗೆ ಬಂದು, "ಮೇಷ್ಟ್ರೇ, ಡಾಕ್ಟ್ರು ಕೈ ಕೊಯ್ಯಬೇಕು ಅಂತಾರೆ. ಕೈ ಕೊಯ್ಸಿಕೊಂಡರೆ ಆಮೇಲೆ ಹಣ್ಣು ಕೊಯ್ಯೋಕಾಗುತ್ತಾ?" ಎಂದು ಕೇಳಿದಳು. ನಾವು ಅವಳ ಅಂಗೈಯನ್ನು ನೋಡಲಿಲ್ಲ. "ನಿಮ್ಮಮ್ಮನೋರಿಗೆ ಪಟ್ಟಿಯಲ್ಲೇ ವಾಸಿಯಾಯಿತಲ್ಲ, ಅವಸರವೇಕೆ?" ಎಂದೆವು. ಆಕೆ ಮತ್ತೆರಡು ಕುಯ್ಲು ಕಳೆದಳು. ಹಗಲೂ ಜೋಮು ಬಿಡದಾಯಿತು. ಗುಂಡಿ ಹಾಕಲು ಬಾರದಾಯಿತು. ಬಿಸಿ ಪಾತ್ರೆ ಮುಟ್ಟಿದುದು ತಿಳಿಯದೆ ಬೆರಳು ಸುಟ್ಟಿತು. ಕೊನೆಗೆ ಮಗನು ಘಟ್ಟ ಇಳಿಸಿ ಪಟ್ಟಣಕ್ಕೆ ಕರೆದುಕೊಂಡು ಹೋದಾಗ, ಹೆಬ್ಬೆರಳಿನ ಬುಡದ ಮಾಂಸವು ಬತ್ತಿ ಹಳ್ಳವಾಗಿತ್ತು.

ಶಸ್ತ್ರಚಿಕಿತ್ಸೆಯೆಂದರೆ ಜನರು ಹೆದರುವಷ್ಟು ದೊಡ್ಡದಲ್ಲ. ಎಲುಬನ್ನು ಮುಟ್ಟುವುದಿಲ್ಲ, ಸಾಮಾನ್ಯವಾಗಿ ಮೈಮರೆಸುವುದೂ ಇಲ್ಲ. ಕೈಯನ್ನಷ್ಟೇ ಮರಗಟ್ಟಿಸಿ, ಅಂಗೈಯ ಬುಡದಲ್ಲಿ ಚಿಕ್ಕದಾಗಿ ಕೊಯ್ದು, ಆ ಅಡ್ಡಕಟ್ಟನ್ನು ಸೀಳಿಬಿಡುವರು. ಸೂಕ್ಷ್ಮ ದರ್ಶಕನಳಿಗೆಯಿಂದ ಮಾಡುವ ಕ್ರಮವೂ ಉಂಟು. ಹಲವರು ಅದೇ ದಿನ ಮನೆಗೆ ಮರಳುವರು. ಹೊಲಿಗೆಯನ್ನು ಸುಮಾರು ಎರಡು ವಾರದಲ್ಲಿ ಬಿಚ್ಚುವರು. ಲಘುವಾದ ಕೆಲಸಕ್ಕೆ ಕೈ ಬೇಗ ಬಂದರೂ ತೋಟದ ಕೆಲಸಕ್ಕೆ ಒಂದೂವರೆ ತಿಂಗಳು, ಕೆಲವರಿಗೆ ಅದಕ್ಕೂ ಹೆಚ್ಚು ಬೇಕು. ಗಾಯದ ಸುತ್ತ ನೋವು, ಹಿಡಿತದ ಬಲಹೀನತೆ ಕೆಲವು ತಿಂಗಳು ಇರಬಹುದು. ಕೀವಾಗುವುದು, ನರಕ್ಕೆ ಪೆಟ್ಟಾಗುವುದು, ಕಟ್ಟು ಪೂರ್ತಿ ಸೀಳದೆ ಉಳಿಯುವುದು ವಿರಳವಾದರೂ ಇಲ್ಲದಿಲ್ಲ.

ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದವರಿದ್ದಾರೆ. ಹಾಲೆಂಡಿನಲ್ಲಿ 176 ರೋಗಿಗಳನ್ನು ಎರಡು ಪಾಲುಮಾಡಿ ನೋಡಿದ ಪರೀಕ್ಷೆಯು 2002ರಲ್ಲಿ ಪ್ರಕಟವಾಯಿತು. ಹದಿನೆಂಟು ತಿಂಗಳ ಬಳಿಕ ಶಸ್ತ್ರದವರಲ್ಲಿ ನೂರಕ್ಕೆ 90 ಮಂದಿಗೂ ಪಟ್ಟಿಯವರಲ್ಲಿ ನೂರಕ್ಕೆ 75 ಮಂದಿಗೂ ಗುಣ ಕಂಡಿತ್ತು. ಆದರೆ ಪಟ್ಟಿಯವರಲ್ಲಿ ನೂರಕ್ಕೆ 41 ಮಂದಿ ಅಷ್ಟರೊಳಗೆ ಶಸ್ತ್ರವನ್ನೂ ಮಾಡಿಸಿಕೊಂಡಿದ್ದರು. ಇಂಗ್ಲೆಂಡಿನಿಂದ 2018ರಲ್ಲಿ ಬಂದ ಪರೀಕ್ಷೆಯಲ್ಲಿ ಚುಚ್ಚುಮದ್ದು ಆರನೆಯ ವಾರದಲ್ಲಿ ಪಟ್ಟಿಗಿಂತ ಮೇಲಾಯಿತು. ಆರನೆಯ ತಿಂಗಳಿಗೆ ಎರಡೂ ಸಮವಾದುವು. 2025ರಲ್ಲಿ ಹಾಲೆಂಡಿನವರೇ 934 ಜನರಲ್ಲಿ ಶಸ್ತ್ರದಿಂದ ಆರಂಭಿಸುವುದನ್ನೂ ಚುಚ್ಚುಮದ್ದಿನಿಂದ ಆರಂಭಿಸುವುದನ್ನೂ ಹೋಲಿಸಿದರು. ಹದಿನೆಂಟು ತಿಂಗಳಿಗೆ ನೂರಕ್ಕೆ 61 ಮತ್ತು 45 ಮಂದಿ ಚೇತರಿಸಿಕೊಂಡಿದ್ದರು. ದೀರ್ಘಕಾಲದಲ್ಲಿ ಶಸ್ತ್ರವೇ ಮುಂದು. ಆದರೂ ಶಸ್ತ್ರವಿಲ್ಲದೆ ಗುಣವಾಗುವವರು ಸಾಕಷ್ಟು ಮಂದಿ ಇದ್ದಾರೆ ಎಂಬುದೇ ಇವುಗಳ ತಾತ್ಪರ್ಯ.

ಹಾಗಾದರೆ ವಿವೇಕವೆಂದರೆ ಅವಸ್ಥೆಯನ್ನು ಅರಿಯುವುದು. ಜೋಮು ಹೊಸದು, ಬಂದು ಹೋಗುವುದು, ಬಲ ಕುಂದಿಲ್ಲ: ಮೊದಲು ಪಟ್ಟಿ, ಮೂಲರೋಗದ ಚಿಕಿತ್ಸೆ, ಕೆಲಸದಲ್ಲಿ ಬಿಡುವು. ಕೆಲವು ವಾರಗಳಲ್ಲಿ ಇಳಿಯದಿದ್ದರೆ ಚುಚ್ಚುಮದ್ದನ್ನೋ ಶಸ್ತ್ರವನ್ನೋ ವೈದ್ಯರೊಡನೆ ವಿಚಾರಿಸಬೇಕು. ಜೋಮು ಹಗಲಿರುಳೂ ಬಿಡದಿದ್ದರೆ, ವಸ್ತುಗಳು ಕೈಜಾರುತ್ತಿದ್ದರೆ, ಹೆಬ್ಬೆರಳಿನ ಬುಡ ಬತ್ತುತ್ತಿದ್ದರೆ, ಶಸ್ತ್ರಕ್ಕೆ ತಡಮಾಡಲೇಕೂಡದು. ಕೂಲಿಯವರು ಕುಯ್ಲು ಮುಗಿದ ಬಳಿಕ ದಿನ ಗೊತ್ತುಮಾಡಿಸಿಕೊಂಡರೆ ಸಂಬಳದ ನಷ್ಟ ಕಡಿಮೆ. ಆದರೆ ಬಲ ಕುಂದಿದವರು ಅದಕ್ಕಾಗಿಯೂ ಕಾಯಬಾರದು. ಖರ್ಚಿನ ವಿಷಯದಲ್ಲಿ, ರೇಷನ್ ಕಾರ್ಡನ್ನೂ ಆಧಾರ್ ಕಾರ್ಡನ್ನೂ ಕೊಂಡೊಯ್ದು ಸರಕಾರಿ ಆಸ್ಪತ್ರೆಯಲ್ಲಿ ಆಯುಷ್ಮಾನ್ ಯೋಜನೆಯ ಸಹಾಯವನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಲೇಸು.

ಶಸ್ತ್ರವಾದ ವಾರದಲ್ಲಿಯೇ ಆಕೆಗೆ ರಾತ್ರಿಯ ನಿದ್ರೆ ಮರಳಿತು. ಬೆರಳುಗಳ ಸ್ಪರ್ಶವೂ ಮೆಲ್ಲಮೆಲ್ಲನೆ ಬಂದಿತು. ಹೆಬ್ಬೆರಳಿನ ಬುಡದ ಮಾಂಸ ಮಾತ್ರ ಇನ್ನೂ ತುಂಬಿಲ್ಲ. ಈ ವರ್ಷವೂ ಆಕೆ ಕುಯ್ಲಿಗೆ ಹೋದಳು. ಮೊದಲಿನಷ್ಟು ಹಣ್ಣನ್ನು ಕೊಯ್ಯಲಾರಳು, ತೂಕದ ಮೇಲೆ ಕೂಲಿಯಾದುದರಿಂದ ಸಂಪಾದನೆಯೂ ಅಷ್ಟಕ್ಕಷ್ಟೆ. ನಮ್ಮನ್ನು ಆಕೆ ಒಂದು ಮಾತೂ ಆಡಿಲ್ಲ. ಈಗ ಯಾರಾದರೂ ಜಗಲಿಗೆ ಬಂದು ಕೈಯ ಜೋಮಿನ ಮಾತೆತ್ತಿದರೆ, ನಾವು ಮೊದಲು ದೀಪ ಹಾಕಿ, ಅವರ ಎರಡು ಅಂಗೈಗಳನ್ನೂ ಪಕ್ಕಪಕ್ಕದಲ್ಲಿ ಹಿಡಿಸಿ, ಹೆಬ್ಬೆರಳಿನ ಬುಡವನ್ನು ನೋಡುತ್ತೇವೆ. ಆಮೇಲೆ ವೈದ್ಯರ ಬಳಿಗೆ ಹೋಗಿರೆನ್ನುತ್ತೇವೆ. ಅದಕ್ಕಿಂತ ಹೆಚ್ಚಿನ ಮಾತನ್ನು ಆಡುವುದಿಲ್ಲ.