ಬೆಳಕನ್ನು ಅಚ್ಚು ಹಾಕಿದ ಮೇಲೆ

ಮದುವೆ ಪತ್ರಿಕೆ, ಜವಳಿ ಅಂಗಡಿಯ ಕೈಚೀಲ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಹಂಸಭಾವಿ, ಹಿರೇಕೆರೂರ ಕಡೆಯವರಿಗೆ ಹೊಸದಲ್ಲ. ಅದೇ ಚೌಕಟ್ಟಿನಿಂದ ಬೆಳಗುವ ಫಲಕವನ್ನೂ ಅಚ್ಚು ಹಾಕಬಹುದು. ಪಾರದರ್ಶಕ ವಾಹಕ ಲೇಪಿಸಿದ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ತಾಮ್ರ ಬೆರೆತ ಸತುವಿನ ಸಲ್ಫೈಡ್ ಪುಡಿಯ ಶಾಯಿ, ಆಮೇಲೆ ಬೇರಿಯಂ ಟೈಟನೇಟ್ ಪದರ, ಕೊನೆಗೆ ಬೆಳ್ಳಿಯ ಶಾಯಿ. ಈ ಬಗೆಯ ಪುಡಿ ವಿದ್ಯುತ್ ಕ್ಷೇತ್ರಕ್ಕೆ ಬೆಳಗುವುದನ್ನು ಫ್ರಾನ್ಸಿನ ಜಾರ್ಜ್ ಡೆಸ್ಟ್ರಿಯೊ 1936ರಲ್ಲೇ ಕಂಡಿದ್ದರು. 1992ರಲ್ಲಿ ಬಂದ ಟೈಮೆಕ್ಸ್ ಇಂಡಿಗ್ಲೋ ಕೈಗಡಿಯಾರದ ಬೆಳಕೂ ಇದೇ.

ಅಚ್ಚು ಹಾಕುವುದಲ್ಲ, ಬೆಳಗಿಸುವುದೇ ಕಷ್ಟದ ಕೆಲಸ. ಫಲಕ ಕೇಳುವುದು ಸುಮಾರು 100 ವೋಲ್ಟ್, 400 ಹರ್ಟ್ಸ್ ಎಸಿ. ಕರೆಂಟ್ ಹೋದ ರಾತ್ರಿ ನಮ್ಮ ಹತ್ತಿರ ಇರುವುದು 12 ವೋಲ್ಟಿನ ಬ್ಯಾಟರಿ. ಮೇಲಾಗಿ ಫಲಕವೆಂದರೆ ಒಂದು ಕೆಪಾಸಿಟರ್. ಸ್ಥಿರ ವೋಲ್ಟೇಜಿಗೆ ನೇರ ಸ್ವಿಚ್ ಹಾಕಿ ಅದನ್ನು ತುಂಬಿಸಿದರೆ, ಎಳೆದುಕೊಂಡ ಶಕ್ತಿಯ ಅರ್ಧ ತಂತಿಯಲ್ಲೇ ಬಿಸಿಯಾಗಿ ಹೋಗುತ್ತದೆ. ತಂತಿ ಎಷ್ಟೇ ದಪ್ಪವಿರಲಿ, ಈ ನಷ್ಟ ತಪ್ಪದು. ಖಾಲಿ ಮಾಡುವಾಗ ಉಳಿದರ್ಧದ ಬಹುಪಾಲೂ ಹಾಗೇ ಹೋಗುತ್ತದೆ.

ಪರಿಹಾರ ಅಗ್ಗದ್ದು: ಒಂದು ತಂತಿ ಸುರುಳಿ, ಅಂದರೆ ಇಂಡಕ್ಟರ್. ಫಲಕಕ್ಕೆ ಹೊಂದುವ ಸುರುಳಿ ಜೋಡಿಸಿದರೆ ಶಕ್ತಿ ಎರಡರ ನಡುವೆ ಹೋಗಿಬರುತ್ತದೆ. ಪಂಚಮಿ ಜೋಕಾಲಿಗೆ ಹದವರಿತು ಜೀಕು ಕೊಟ್ಟಂತೆ, ಪ್ರತಿ ಸುತ್ತಿಗೆ ಕಳೆದಷ್ಟನ್ನು ಮಾತ್ರ ಬ್ಯಾಟರಿ ತುಂಬಿದರಾಯಿತು. ಇನ್ನೊಂದು ಲಾಭವೂ ಉಂಟು. ಫಲಕ ಹಳತಾದಂತೆ ಅದರ ಧಾರಕತೆ, ಅಂದರೆ ಕೆಪಾಸಿಟನ್ಸ್, ಇಳಿಯುತ್ತದೆ, ಆಗ ಸರ್ಕಿಟ್ಟಿನ ಆವರ್ತನ ತಾನಾಗಿ ಏರಿ, ಮಂಕಾದ ಬೆಳಕನ್ನು ಒಂದಿಷ್ಟು ಎತ್ತಿಕೊಡುತ್ತದೆ. ಆದರೆ ಹೆಚ್ಚು ಬೆಳಕಿನ ಆಸೆಗೆ ಮೊದಲೇ ವೋಲ್ಟೇಜ್, ಆವರ್ತನ ಏರಿಸಿದರೆ ಫಲಕದ ಆಯುಷ್ಯ ಕುಗ್ಗುತ್ತದೆ. ತೇವ ತಾಗಿದರಂತೂ ಬೇಗ ಕೆಡುತ್ತದೆ.

ಖರ್ಚಿನ ಇನ್ನೊಂದು ಬಾಬತ್ತು ಆ ಪಾರದರ್ಶಕ ವಾಹಕ. ರೂಢಿಯಲ್ಲಿರುವುದು ದುಬಾರಿ ಇಂಡಿಯಂ ಬೆರೆತ ಆಕ್ಸೈಡ್. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಿ.ಯು. ಕುಲಕರ್ಣಿ ಅವರ ತಂಡ ಬೇರೆ ದಾರಿ ತೋರಿಸಿದೆ. ಒಣಗಿ ಬಿರುಕು ಬಿಡುವ ಪದರವನ್ನೇ ಅಚ್ಚಾಗಿ ಬಳಸಿ, ಬಿರುಕಿನಲ್ಲಿ ಲೋಹ ಕೂರಿಸಿ, ಪದರ ತೊಳೆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಜಾಲ ಉಳಿಯುತ್ತದೆ.

ಹಗಲಿನ ಬಿಸಿಲಿಗೆ, ದೂರದ ಓದಿಗೆ ಎಲ್‌ಇಡಿಯೇ ಮೇಲು. ಬಸ್ ನಿಲ್ದಾಣದ ರಾತ್ರಿ ಫಲಕಕ್ಕೆ, ಆಸ್ಪತ್ರೆಯ ದಾರಿ ತೋರುವ ಬಾಣಕ್ಕೆ ಈ ಅಚ್ಚಿನ ಫಲಕ ಸಾಕು. ಹಾವೇರಿ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಇದನ್ನು ಎತ್ತಿಕೊಳ್ಳಲಿ. ಊರಿನ ಸ್ಕ್ರೀನ್ ಪ್ರಿಂಟರ್ ಒಬ್ಬರನ್ನು ಜೊತೆಗೆ ಕರೆದುಕೊಳ್ಳಲಿ. ನೂರು ವೋಲ್ಟ್ ಶಾಕ್ ಹೊಡೆಯುತ್ತದೆ, ಅಂಚುಗಳನ್ನು ಮೊದಲು ಮುಚ್ಚಿ.