ಎಲೆಕ್ಟ್ರಿಕ್ ಬೇಸ್ ಗಿಟಾರ್‌ನ ಕ್ಲಾಸಿಕ್ ಮಾದರಿಗಳು

ಎಲೆಕ್ಟ್ರಿಕ್ ಬೇಸ್ ಗಿಟಾರ್‌ನ ಕ್ಲಾಸಿಕ್ ಮಾದರಿಗಳು ಎಂದರೆ 1950 ಮತ್ತು 1960ರ ದಶಕಗಳಲ್ಲಿ ರೂಪುಗೊಂಡು, ಮೂಲ ವಿನ್ಯಾಸದಲ್ಲಿ ಹೆಚ್ಚು ಬದಲಾವಣೆಯಿಲ್ಲದೆ ಇಂದಿಗೂ ತಯಾರಾಗುತ್ತಿರುವ ನಾಲ್ಕು ತಂತಿಯ ಬೇಸ್ ಗಿಟಾರ್‌ಗಳು. ಅಮೆರಿಕದ ಫೆಂಡರ್ ಸಂಸ್ಥೆಯ ಪ್ರಿಸಿಷನ್ ಬೇಸ್ (1951) ಮತ್ತು ಜಾಝ್ ಬೇಸ್ (1960) ಇವುಗಳಲ್ಲಿ ಪ್ರಮುಖವಾದವು. ಅನೇಕ ತಯಾರಕರು ಇವೇ ವಿನ್ಯಾಸಗಳನ್ನು ಅನುಸರಿಸುವುದರಿಂದ, ಹೊಸದಾಗಿ ಕಲಿಯುವವರ ಮುಂದಿರುವ ಆಯ್ಕೆಯು ಸಾಮಾನ್ಯವಾಗಿ ಈ ಎರಡರ ನಡುವಿನದಾಗಿರುತ್ತದೆ.

ಇತಿಹಾಸ

20ನೆಯ ಶತಮಾನದ ಮೊದಲರ್ಧದಲ್ಲಿ ನೃತ್ಯ ಮತ್ತು ಜಾಝ್ ವಾದ್ಯವೃಂದಗಳಲ್ಲಿ ಮಂದ್ರ ಸ್ವರಗಳನ್ನು ಡಬಲ್ ಬೇಸ್ ಎಂಬ ಬೃಹತ್ ವಾದ್ಯವು ನುಡಿಸುತ್ತಿತ್ತು. ಅದನ್ನು ಸಾಗಿಸುವುದು ಕಷ್ಟಕರವಾಗಿತ್ತು; ಡ್ರಮ್ ಮತ್ತು ತುತ್ತೂರಿಗಳ ನಡುವೆ ಅದರ ನಾದವು ಕೇಳಿಸುತ್ತಿರಲಿಲ್ಲ. ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲಿಯೇ ವಿದ್ಯುತ್ ಬೇಸ್ ಗಿಟಾರ್ ಒಂದನ್ನು ನಿರ್ಮಿಸಿದರೂ ಅದು ಪ್ರಚಾರಕ್ಕೆ ಬರಲಿಲ್ಲ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಲಿಯೋ ಫೆಂಡರ್ ಅವರು 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್ ವ್ಯಾಪಕವಾಗಿ ಮಾರಾಟವಾದ ಮೊದಲ ವಾದ್ಯವಾಯಿತು. ವೀಣೆಯ ಮೆಟ್ಟಿಲುಗಳಂತೆ ಇದರ ಕತ್ತಿನ ಮೇಲಿರುವ ಲೋಹದ ಫ್ರೆಟ್‌ಗಳು ವಾದಕನಿಗೆ ಸ್ವರವನ್ನು ನಿಖರವಾಗಿ ಹಿಡಿಯಲು ನೆರವಾಗುತ್ತವೆ. ನಿಖರತೆ ಎಂಬ ಅರ್ಥದ ಹೆಸರು ಅದಕ್ಕೆ ಬಂದದ್ದು ಈ ಕಾರಣದಿಂದ.

1957ರಲ್ಲಿ ಪ್ರಿಸಿಷನ್ ಬೇಸ್ ಇಂದು ಪರಿಚಿತವಾಗಿರುವ ರೂಪವನ್ನು ಪಡೆಯಿತು. 1960ರಲ್ಲಿ ಎರಡು ಪಿಕಪ್‌ಗಳುಳ್ಳ ಜಾಝ್ ಬೇಸ್ ಬಂದಿತು. ಜರ್ಮನಿಯ ಹಾಫ್ನರ್ ಸಂಸ್ಥೆಯ ಪಿಟೀಲಿನಾಕಾರದ ಬೇಸ್, ಪಾಲ್ ಮೆಕಾರ್ಟ್ನಿ ಅವರು ನುಡಿಸಿದ್ದರಿಂದ ಪ್ರಸಿದ್ಧವಾಯಿತು. ರಿಕೆನ್‌ಬ್ಯಾಕರ್ ಮತ್ತು ಗಿಬ್ಸನ್ ಸಂಸ್ಥೆಗಳ ಬೇಸ್‌ಗಳೂ ಇದೇ ಅವಧಿಗೆ ಸೇರಿದವು.

ರಚನೆ

ನಾಲ್ಕು ತಂತಿಗಳನ್ನು ದಪ್ಪದಿಂದ ತೆಳುವಿನ ಕಡೆಗೆ ಇ, ಎ, ಡಿ, ಜಿ ಸ್ವರಗಳಿಗೆ ಶ್ರುತಿ ಮಾಡಲಾಗುತ್ತದೆ. ಇದು ಸಾಮಾನ್ಯ ಗಿಟಾರ್‌ನ ಕೆಳಗಿನ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗಿರುತ್ತದೆ. ಇ ತಂತಿಯ ಆವರ್ತನ ಸುಮಾರು 41 ಹರ್ಟ್ಸ್ ಮತ್ತು ಜಿ ತಂತಿಯದು 98 ಹರ್ಟ್ಸ್. ಫೆಂಡರ್ ಮಾದರಿಗಳಲ್ಲಿ ತಂತಿಯ ಕಂಪಿಸುವ ಉದ್ದ 34 ಅಂಗುಲ, ಅಂದರೆ ಸುಮಾರು 86 ಸೆಂ.ಮೀ. ಹಾಫ್ನರ್‌ನಂತಹ ಗಿಡ್ಡ ಮಾದರಿಗಳಲ್ಲಿ ಇದು ಸುಮಾರು 30 ಅಂಗುಲ. ಗಿಡ್ಡ ಮಾದರಿಯಲ್ಲಿ ಫ್ರೆಟ್‌ಗಳು ಹತ್ತಿರವಿದ್ದು ತಂತಿಯ ಬಿಗಿತ ಕಡಿಮೆ ಇರುವುದರಿಂದ ಮಕ್ಕಳಿಗೂ ಚಿಕ್ಕ ಕೈಗಳವರಿಗೂ ಅದು ಸುಲಭ.

ಕತ್ತನ್ನು ಸಾಮಾನ್ಯವಾಗಿ ಮೇಪಲ್ ಮರದಿಂದಲೂ ಒಡಲನ್ನು ಆಲ್ಡರ್ ಅಥವಾ ಆಶ್ ಮರದಿಂದಲೂ ಮಾಡಲಾಗುತ್ತದೆ. ಫ್ರೆಟ್‌ಬೋರ್ಡ್‌ಗೆ ಬಳಸುವ ಮರಗಳಲ್ಲಿ ಭಾರತೀಯ ರೋಸ್‌ವುಡ್ ಕೂಡ ಒಂದು. ಇದು ಕರ್ನಾಟಕದ ಪಶ್ಚಿಮಘಟ್ಟಗಳಲ್ಲಿ ಬೆಳೆಯುವ ಬೀಟೆ ಮರವೇ ಆಗಿದೆ.

ಎರಡು ಮಾದರಿಗಳ ವ್ಯತ್ಯಾಸ

1957ರ ನಂತರದ ಪ್ರಿಸಿಷನ್ ಬೇಸ್‌ನಲ್ಲಿ ಎರಡು ತುಂಡುಗಳಾಗಿ ವಿಭಜಿಸಿದ ಒಂದೇ ಪಿಕಪ್ ಇರುತ್ತದೆ. ಒಂದೊಂದು ತುಂಡು ಎರಡೆರಡು ತಂತಿಗಳ ಕಂಪನವನ್ನು ಗ್ರಹಿಸುತ್ತದೆ. ಎರಡು ಸುರುಳಿಗಳ ಸುತ್ತು ಮತ್ತು ಕಾಂತಧ್ರುವಗಳು ಪರಸ್ಪರ ವಿರುದ್ಧವಾಗಿರುವುದರಿಂದ ವಿದ್ಯುತ್ ಸರಬರಾಜಿನಿಂದ ಉಂಟಾಗುವ ಗುಂಯ್‌ಗುಡುವಿಕೆ ರದ್ದಾಗುತ್ತದೆ. ಒಂದು ಧ್ವನಿಮಟ್ಟದ ಗುಂಡಿ, ಒಂದು ಟೋನ್ ಗುಂಡಿ ಮಾತ್ರ ಇರುತ್ತವೆ. ನಾದವು ದಪ್ಪವಾಗಿದ್ದು ವಾದ್ಯವೃಂದದ ನಡುವೆ ಸ್ಪಷ್ಟವಾಗಿ ನಿಲ್ಲುತ್ತದೆ.

ಜಾಝ್ ಬೇಸ್‌ನಲ್ಲಿ ಎರಡು ಪಿಕಪ್‌ಗಳಿದ್ದು ಪ್ರತಿಯೊಂದಕ್ಕೂ ಪ್ರತ್ಯೇಕ ಧ್ವನಿ ನಿಯಂತ್ರಣವಿರುತ್ತದೆ. ಕುದುರೆಯ ಸಮೀಪದ ಪಿಕಪ್‌ನ ಬಳಿ ತಂತಿಯ ಚಲನೆ ಕಿರಿದಾಗಿರುವುದರಿಂದ ಮೂಲಸ್ವರ ಕ್ಷೀಣಿಸಿ ಮೇಲಿನ ಅನುಸ್ವರಗಳು ಎದ್ದು ಕೇಳುತ್ತವೆ. ಎರಡನ್ನೂ ಬೆರೆಸಿ ನಾನಾ ಬಗೆಯ ನಾದಗಳನ್ನು ಪಡೆಯಬಹುದು. ಆದರೆ ಒಂದೇ ಪಿಕಪ್ ಬಳಸಿದಾಗ ಗುಂಯ್‌ಗುಡುವಿಕೆ ಕೇಳಿಸುವುದುಂಟು. ಕತ್ತಿನ ತುದಿಯಲ್ಲಿ ಜಾಝ್ ಬೇಸ್ ಸುಮಾರು 38 ಮಿ.ಮೀ. ಅಗಲವಿದ್ದರೆ, ಪ್ರಿಸಿಷನ್ ಬೇಸ್ ಸಾಮಾನ್ಯವಾಗಿ 41ರಿಂದ 44 ಮಿ.ಮೀ. ಇರುತ್ತದೆ. ಬೆರಳುಗಳಿಗೆ ಈ ಅಂತರ ಕೂಡಲೇ ಅರಿವಾಗುತ್ತದೆ.

ಮಾದರಿಯೊಂದೇ ನಾದವನ್ನು ನಿರ್ಧರಿಸುವುದಿಲ್ಲ. ಮೋಟೌನ್ ಧ್ವನಿಮುದ್ರಣಗಳ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್ ಬೇಸ್‌ಗೆ ಚಪ್ಪಟೆ ಸುತ್ತಿನ ದಪ್ಪ ತಂತಿಗಳನ್ನು ಹಾಕಿ, ಬಲಗೈಯ ತೋರುಬೆರಳೊಂದರಿಂದಲೇ ನುಡಿಸುತ್ತಿದ್ದರು. ಜಾಕೋ ಪಾಸ್ಟೋರಿಯಸ್ ಫ್ರೆಟ್‌ಗಳನ್ನು ತೆಗೆದ 1962ರ ಜಾಝ್ ಬೇಸ್‌ನಿಂದ ಹಾಡುವಂತಹ ನಾದವನ್ನು ಹೊಮ್ಮಿಸಿದರು. ಚಪ್ಪಟೆ ಸುತ್ತಿನ ತಂತಿಗಳು ಮೃದುವಾದ, ಗುಂಡು ಸುತ್ತಿನ ತಂತಿಗಳು ಪ್ರಖರವಾದ ನಾದ ನೀಡುತ್ತವೆ. ಆದ್ದರಿಂದ ನಾದ ಹಿಡಿಸದಿದ್ದಾಗ ವಾದ್ಯಕ್ಕಿಂತ ಮೊದಲು ತಂತಿಯನ್ನು ಬದಲಿಸಿ ನೋಡುವುದು ಮಿತವ್ಯಯದ ಮಾರ್ಗ.

ಆಯ್ಕೆಯಲ್ಲಿ ಪರಿಶೀಲಿಸಬೇಕಾದ ಅಂಶಗಳು

ಕತ್ತು: ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 70–80 ಕಿ.ಗ್ರಾಂ. ಭಾರಕ್ಕೆ ಸಮನಾಗಿರುತ್ತದೆ. ಇದನ್ನು ತಡೆಯಲು ಕತ್ತಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿರುತ್ತದೆ. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ಒತ್ತಿ ಹಿಡಿದಾಗ ಮಧ್ಯದಲ್ಲಿ ಕೂದಲೆಳೆಯಷ್ಟು ಅಂತರ ಕಾಣಬೇಕು. ಕತ್ತು ಬಾಗಿದ್ದರೆ ಸರಳನ್ನು ತಿರುಗಿಸಿ ಸರಿಪಡಿಸಬಹುದು. ತಿರುಚಿಕೊಂಡಿದ್ದರೆ ಈ ಸರಳಿನಿಂದ ಅದು ಸರಿಹೋಗದು. ಅಂತಹ ವಾದ್ಯವನ್ನು ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಡುವುದು ಲೇಸು.

ಸ್ವರಶುದ್ಧತೆ: 12ನೆಯ ಫ್ರೆಟ್‌ನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ನುಡಿಸಿದ ಸ್ವರವೂ ಅಲ್ಲಿಯೇ ಒತ್ತಿ ನುಡಿಸಿದ ಸ್ವರವೂ ಒಂದೇ ಆಗಿರಬೇಕು. ವ್ಯತ್ಯಾಸವಿದ್ದರೆ ಕುದುರೆಯ ತಿರುಪುಗಳಿಂದ ಹೊಂದಿಸಲು ಸಾಧ್ಯವೇ ಎಂದು ನೋಡಬೇಕು.

ಪ್ರತಿ ಫ್ರೆಟ್‌ನ ಪರೀಕ್ಷೆ: ಪ್ರತಿಯೊಂದು ತಂತಿಯಲ್ಲೂ ಎಲ್ಲ ಫ್ರೆಟ್‌ಗಳನ್ನು ನುಡಿಸಿ ಕರಕರ ಸದ್ದು ಬರುತ್ತದೆಯೇ ಎಂದು ಆಲಿಸಬೇಕು. ಫೆಂಡರ್ ಮಾದರಿಗಳಲ್ಲಿ ಜಿ ತಂತಿಯ 5ರಿಂದ 7ನೆಯ ಫ್ರೆಟ್‌ಗಳ ಆಸುಪಾಸಿನಲ್ಲಿ ಸ್ವರವು ಬೇಗನೆ ಕ್ಷೀಣಿಸುವುದು ಸಾಮಾನ್ಯ. ಇದು ಕತ್ತಿನ ಅನುರಣನದಿಂದ ಉಂಟಾಗುತ್ತದೆ. ಎಷ್ಟು ತೀವ್ರವಾಗಿದೆ ಎಂಬುದು ವಾದ್ಯದಿಂದ ವಾದ್ಯಕ್ಕೆ ಬದಲಾಗುತ್ತದೆ.

ತೂಕ: ಹೆಚ್ಚಿನ ವಾದ್ಯಗಳು ಸುಮಾರು 3.5ರಿಂದ 4.5 ಕಿ.ಗ್ರಾಂ. ತೂಗುತ್ತವೆ. ಪಟ್ಟಿಯಿಂದ ಹೆಗಲಿಗೆ ತೂಗುಹಾಕಿ ನಿಂತು ನುಡಿಸಿ ನೋಡಬೇಕು. ಕೈಬಿಟ್ಟಾಗ ಕತ್ತು ನೆಲದತ್ತ ಜಗ್ಗಿದರೆ, ಅದನ್ನು ಎತ್ತಿ ಹಿಡಿಯುವ ಎಡಗೈ ಬೇಗ ದಣಿಯುತ್ತದೆ.

ವಿದ್ಯುತ್ ಭಾಗಗಳು: ಕ್ಲಾಸಿಕ್ ಮಾದರಿಗಳಿಗೆ ಬ್ಯಾಟರಿ ಬೇಕಿಲ್ಲ. ಗುಂಡಿಗಳನ್ನು ತಿರುಗಿಸುವಾಗ ಚರಪರ ಸದ್ದು ಬಂದರೆ ಅದು ಬಹುಮಟ್ಟಿಗೆ ಧೂಳಿನಿಂದಾದುದು, ಸುಲಭವಾಗಿ ಸರಿಪಡಿಸಬಹುದು.

ಹಳೆಯ ವಾದ್ಯಗಳು ಮತ್ತು ಪ್ರತಿರೂಪಗಳು

ಫೆಂಡರ್ ಸಂಸ್ಥೆಯನ್ನು 1965ರಲ್ಲಿ ಸಿಬಿಎಸ್ ಕೊಂಡುಕೊಂಡಿತು. ಅದಕ್ಕೂ ಹಿಂದಿನ ವಾದ್ಯಗಳಿಗೆ ಸಂಗ್ರಾಹಕರಲ್ಲಿ ಭಾರಿ ಬೆಲೆಯಿದೆ. ಫೆಂಡರ್ ವಿನ್ಯಾಸದಲ್ಲಿ ಕತ್ತನ್ನು ಒಡಲಿಗೆ ತಿರುಪುಗಳಿಂದ ಜೋಡಿಸಲಾಗಿರುತ್ತದೆ. ದುರಸ್ತಿಯನ್ನು ಸುಲಭಗೊಳಿಸಿದ ಈ ಗುಣವೇ ಬೇರೆ ಬೇರೆ ವಾದ್ಯಗಳ ಭಾಗಗಳನ್ನು ಸೇರಿಸಿ ಹಳೆಯದೆಂದು ಮಾರುವುದನ್ನೂ ಸುಲಭಗೊಳಿಸಿದೆ. ಕ್ರಮಸಂಖ್ಯೆಯ ತಗಡನ್ನೂ ಬದಲಿಸಬಹುದಾದ್ದರಿಂದ, ಸಂಖ್ಯೆಯೊಂದನ್ನೇ ನಂಬದೆ ಕತ್ತಿನ ಬುಡ, ಪಿಕಪ್ ಮತ್ತು ಬೆಸುಗೆಗಳನ್ನು ಪರಿಣತರಿಂದ ಪರೀಕ್ಷಿಸಬೇಕಾಗುತ್ತದೆ.

ಕಲಿಕೆಯ ದೃಷ್ಟಿಯಿಂದ ಹಳೆಯ ವಾದ್ಯವು ಅನಿವಾರ್ಯವಲ್ಲ. ಫೆಂಡರ್‌ನದೇ ಸ್ಕ್ವಾಯರ್ ಹೆಸರಿನ ವಾದ್ಯಗಳೂ ಇತರ ತಯಾರಕರ ಪ್ರತಿರೂಪಗಳೂ ಅದೇ ಅಳತೆ ಮತ್ತು ಪಿಕಪ್ ವಿನ್ಯಾಸವನ್ನು ಕಡಿಮೆ ಬೆಲೆಗೆ ಒದಗಿಸುತ್ತವೆ. ಸರಿಯಾಗಿ ಹೊಂದಿಸಿದ ಸಾಧಾರಣ ವಾದ್ಯವು, ಹೊಂದಿಸದ ದುಬಾರಿ ವಾದ್ಯಕ್ಕಿಂತ ನುಡಿಸಲು ಸುಲಭವಾಗಿರುತ್ತದೆ. ಆದ್ದರಿಂದ ಖರೀದಿಯ ಹಣದಲ್ಲಿ ಒಂದು ಪಾಲನ್ನು ಹೊಸ ತಂತಿಗಳಿಗೂ ಹೊಂದಾಣಿಕೆಯ ಕೆಲಸಕ್ಕೂ ಮೀಸಲಿಡುವುದು ಉಪಯುಕ್ತ.