ದುಡಿಮೆಗೂ ಬೇಕು ಅಕ್ಕಡಿ ಸಾಲು: ಗೋವೆಯ ಕನ್ನಡ ಕುಟುಂಬಗಳು ಮತ್ತು ಎರಡನೆಯ ವೃತ್ತಿ

ಉತ್ತರ ಕರ್ನಾಟಕದ ಒಣಭೂಮಿಯಲ್ಲಿ ಬೇಸಾಯ ಮಾಡಿದ ನಮ್ಮ ಹಿರಿಯರು ಹೊಲದ ತುಂಬ ಒಂದೇ ಬೆಳೆಯನ್ನು ನಂಬಿ ಕೂರುತ್ತಿರಲಿಲ್ಲ. ಮುಖ್ಯ ಬೆಳೆಯ ನಡುನಡುವೆ ತೊಗರಿಯನ್ನೋ ಅವರೆಯನ್ನೋ ಅಕ್ಕಡಿ ಸಾಲಾಗಿ ಬಿತ್ತುತ್ತಿದ್ದರು. ಮಳೆ ಕೈಕೊಟ್ಟು ಜೋಳ ಒಣಗಿದರೂ ಅಕ್ಕಡಿಯ ಕಾಳು ಮನೆಯನ್ನು ಕಾಯುತ್ತಿತ್ತು. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳದ ಕಡೆಯಿಂದ ಗೋವೆಗೆ ಬಂದು ನೆಲೆಸಿದ ನಾವು ದುಡಿಮೆಯ ವಿಷಯದಲ್ಲಿ ಮಾತ್ರ ಆ ಜಾಣ್ಮೆಯನ್ನು ಊರಿನಲ್ಲಿಯೇ ಬಿಟ್ಟುಬಂದಂತಿದೆ. ಇಡೀ ಮನೆ ಒಂದೇ ಕೂಲಿ, ಒಂದೇ ಗುತ್ತಿಗೆದಾರ, ಒಂದೇ ವಾಹನವನ್ನು ನಂಬಿ ನಿಂತಿರುವುದನ್ನು ನಾವು ನಿತ್ಯವೂ ಕಾಣುತ್ತಿದ್ದೇವೆ.

ಗಣಿ ಕಲಿಸಿದ ಪಾಠ

ಇದರ ಅಪಾಯವೇನೆಂಬುದನ್ನು ಗೋವೆಯ ಗಣಿಗಳು ಎರಡು ಬಾರಿ ತೋರಿಸಿಕೊಟ್ಟಿವೆ. 2012ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರವು ಗಣಿಗಾರಿಕೆಯನ್ನು ತಡೆಹಿಡಿಯಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಅದಿರಿನ ಸಾಗಣೆಯನ್ನೂ ನಿಲ್ಲಿಸಿತು. 2014ರ ಏಪ್ರಿಲ್‌ನಲ್ಲಿ ವರ್ಷಕ್ಕೆ 2 ಕೋಟಿ ಟನ್‌ಗಳ ಮಿತಿಯೊಡನೆ ನಿಷೇಧ ತೆರವಾಯಿತು. ಜನ ಮತ್ತೆ ಹಳೆಯ ಕೆಲಸಕ್ಕೇ ಮರಳಿದರು. 2018ರ ಫೆಬ್ರವರಿ 7ರಂದು 88 ಗಣಿ ಗುತ್ತಿಗೆಗಳ ನವೀಕರಣ ರದ್ದಾಗಿ, ಮಾರ್ಚ್ 16ರಿಂದ ಗಣಿಗಳು ಪುನಃ ಸ್ತಬ್ಧವಾದವು. ನಮ್ಮದೇ ಬಳ್ಳಾರಿಯಲ್ಲಿಯೂ 2011ರ ಜುಲೈನಲ್ಲಿ ಹೀಗೆಯೇ ಆಗಿತ್ತು.

ತೀರ್ಪುಗಳ ಹಿಂದೆ ಕಾನೂನು ಮತ್ತು ಪರಿಸರದ ಕಾರಣಗಳಿದ್ದವು. ಅವುಗಳ ಚರ್ಚೆ ಇಲ್ಲಿ ಅಪ್ರಸ್ತುತ. ಆದರೆ ಟಿಪ್ಪರ್ ಚಾಲಕ, ಕ್ಲೀನರ್, ಗ್ಯಾರೇಜಿನ ಕೆಲಸಗಾರ, ಗಣಿ ದಾರಿಯ ಬದಿಯ ಚಹಾದಂಗಡಿಯವರು, ಇವರೆಲ್ಲರ ಸಂಪಾದನೆ ಒಮ್ಮೆಲೇ ನಿಂತಿತು. ಶಿಕ್ಷಕರಾದ ನಾವು ಅದನ್ನು ಕಂಡದ್ದು ಹಾಜರಿ ಪುಸ್ತಕದಲ್ಲಿ. ವರ್ಷದ ನಡುವೆ ವರ್ಗಾವಣೆ ಪತ್ರ ಕೇಳಿಕೊಂಡು ಬಂದ ಪಾಲಕರಿಗೆ ನಾವು ಏನನ್ನೂ ಹೇಳಲಾರದಾದೆವು. ಊರಿಗೆ ಮರಳಿದ ಕೆಲವು ಮಕ್ಕಳು ಅಲ್ಲಿ ಶಾಲೆ ಸೇರಿದರು. ಕೆಲವರ ಸುದ್ದಿ ನಮಗೆ ಮತ್ತೆ ತಲುಪಲಿಲ್ಲ.

ಬದಲಿಸುವುದಲ್ಲ, ಜೊತೆಗೆ ಬೆಳೆಸುವುದು

ಎರಡನೆಯ ವೃತ್ತಿ ಎಂದರೆ ಇರುವ ಕೆಲಸವನ್ನು ಬಿಡುವುದಲ್ಲ. ಮೊದಲನೆಯದು ಅನ್ನ ನೀಡುತ್ತಿರುವಾಗಲೇ ಇನ್ನೊಂದನ್ನು ಕಲಿತಿರುವುದು. ಕೆಲಸ ಹೋದ ಮೇಲೆ ಕಲಿಯಲು ಹೊರಟವನಿಗೆ ಸಮಯವೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಗೋವೆಯ ಋತುಮಾನವೇ ಇದಕ್ಕೆ ಅವಕಾಶ ಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಿಂದ ಕಟ್ಟಡ ಕೆಲಸ ಕುಗ್ಗುತ್ತದೆ, ಪ್ರವಾಸಿಗರು ಕಡಿಮೆಯಾಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕೆಲಸ ಕಡಿಮೆಯಿರುವ ಈ ತಿಂಗಳುಗಳೇ ಕಲಿಕೆಯ ತಿಂಗಳುಗಳಾಗಬೇಕು.

ಹೊಸ ವೃತ್ತಿಯು ಹಳೆಯದರ ನೆರೆಯಲ್ಲಿದ್ದರೆ ಲೇಸು. ಚಾಲಕನಿಗೆ ಎಂಜಿನ್ ರಿಪೇರಿ, ಗೌಂಡಿಗೆ ಟೈಲ್ಸ್ ಅಥವಾ ಪ್ಲಂಬಿಂಗ್, ಮನೆಗೆಲಸದ ತಾಯಂದಿರಿಗೆ ಹೊಲಿಗೆ ಅಥವಾ ರೊಟ್ಟಿ-ಚಟ್ನಿಪುಡಿಯ ವ್ಯಾಪಾರ: ಇವುಗಳಲ್ಲಿ ಅರ್ಧ ವಿದ್ಯೆ ಆಗಲೇ ಕೈಯಲ್ಲಿರುತ್ತದೆ.

ನೆರವು ಎಲ್ಲಿದೆ?

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯು ಗೌಂಡಿ, ಬಡಗಿ, ದರ್ಜಿ, ಕ್ಷೌರಿಕ, ಮಡಿವಾಳ, ಹೂಮಾಲೆ ಕಟ್ಟುವವರು ಸೇರಿದಂತೆ 18 ಕಸುಬುಗಳಿಗೆ ಅನ್ವಯಿಸುತ್ತದೆ. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಮೊದಲ ಹಂತದಲ್ಲಿ ಶೇ. 5ರ ಬಡ್ಡಿಗೆ 1 ಲಕ್ಷದವರೆಗೆ ಸಾಲ ದೊರೆಯುತ್ತದೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ.

ಓದು ಅರ್ಧಕ್ಕೆ ನಿಂತವರಿಗೂ ದಾರಿಯಿದೆ. ವಾಸ್ಕೊ, ಮಡಗಾಂವ, ಪಣಜಿ, ಮಾಪುಸಾಗಳಲ್ಲಿ ಸರ್ಕಾರಿ ಐಟಿಐಗಳಿವೆ. ವೆಲ್ಡರ್, ವೈರ್‌ಮನ್‌ನಂತಹ ಕೆಲವು ವಿಭಾಗಗಳಿಗೆ ಎಂಟನೆಯ ತರಗತಿ ಸಾಕು. ಎಲೆಕ್ಟ್ರಿಷಿಯನ್, ಫಿಟ್ಟರ್‌ಗೆ ಹತ್ತನೆಯ ತರಗತಿ ಬೇಕು. ಹತ್ತನೆಯ ತರಗತಿಯನ್ನು ಕೆಲಸ ಮಾಡುತ್ತಲೇ ಮುಗಿಸಲು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಸುತ್ತದೆ. 14 ವರ್ಷ ತುಂಬಿದ ಯಾರೂ ಕಟ್ಟಬಹುದು.

ಕಟ್ಟಡ ಕಾರ್ಮಿಕರು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳುವ ಹಕ್ಕು ಪಡೆದಿದ್ದಾರೆ. ನಮ್ಮಲ್ಲಿ ಅನೇಕರು ಸೋಲುವುದು ಕಾಗದದಲ್ಲಿ. ಇಲ್ಲಿನ ಸರ್ಕಾರಿ ನೌಕರಿಗೆ 15 ವರ್ಷಗಳ ವಾಸ್ತವ್ಯದ ದಾಖಲೆಯನ್ನೂ ಕೊಂಕಣಿಯ ತಿಳಿವಳಿಕೆಯನ್ನೂ ಕೇಳುತ್ತಾರೆ. ಆದ್ದರಿಂದ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಮಕ್ಕಳ ಶಾಲಾ ದಾಖಲೆಗಳನ್ನು ಜತನವಾಗಿ ಇಟ್ಟುಕೊಳ್ಳಿ. ಕೊಂಕಣಿ ಕಲಿತರೆ ಕನ್ನಡಕ್ಕೆ ಕುಂದಿಲ್ಲ. ಗಿರಾಕಿಯ ಭಾಷೆ ಬಲ್ಲವನ ಅಂಗಡಿ ಬೆಳೆಯುತ್ತದೆ.

ಒಂದು ವಿನಂತಿ

ಎರಡನೆಯ ವೃತ್ತಿ ದೊಡ್ಡವರದಾಗಿರಲಿ, ಮಕ್ಕಳದಾಗದಿರಲಿ. 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವುದನ್ನು 2016ರ ತಿದ್ದುಪಡಿ ಕಾಯ್ದೆ ನಿಷೇಧಿಸಿದೆ. ಮನೆಯ ಕಸುಬಿನಲ್ಲಿ ಕೈಜೋಡಿಸುವುದಾದರೂ ಅದು ಶಾಲೆಯ ಸಮಯ ಕಳೆದ ಮೇಲೆ, ಅಪಾಯವಿಲ್ಲದ ಕೆಲಸದಲ್ಲಿ ಮಾತ್ರ. ಹಿರಿಮಗಳನ್ನು ಶಾಲೆ ಬಿಡಿಸಿ ಅಂಗಡಿಯಲ್ಲಿ ಕೂರಿಸಿದರೆ ಅದು ಅಕ್ಕಡಿ ಸಾಲಲ್ಲ, ಬಿತ್ತನೆಯ ಬೀಜವನ್ನೇ ಬೇಯಿಸಿ ಉಂಡಂತೆ.

ಪಾಲಕರಲ್ಲಿ ನಾವು ಕೇಳುವುದಿಷ್ಟೇ. ಮುಂದಿನ ಪಾಲಕರ ಸಭೆಗೆ ಬರುವಾಗ ಆಧಾರ್, ಬ್ಯಾಂಕ್ ಪುಸ್ತಕ ಹಾಗೂ ನಿಮ್ಮ ಹಳೆಯ ಶಾಲಾ ಪತ್ರಗಳನ್ನು ತನ್ನಿರಿ. ಅರ್ಜಿ ತುಂಬಲು ನಾವು ಜೊತೆಗೆ ಕೂರುತ್ತೇವೆ. ನಿಮ್ಮ ದುಡಿಮೆ ನಿಂತ ದಿನವೂ ನಿಮ್ಮ ಮಗುವಿನ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿ ಉಳಿಯಬೇಕು.